ಮೊದಲನೇ ಉತ್ತರ ಚೆನ್ನಾಗಿದ್ರೆ ಆರನೇ ಉತ್ತರಕ್ಕೂ ಮಾರ್ಕ್ಸ್ ಬೀಳತ್ತೆ

ಡಿಗ್ರಿ ಕಾಲೇಜಲ್ಲಿ ಇಕನಾಮಿಕ್ಸ್ ಹೇಳೋ ನಮಗೆಲ್ಲ ಸೆಮಿಸ್ಟರ್ ಮುಗೀತಿದ್ದಂಗೆ ವ್ಯಾಲ್ಯುಯೇಷನ್ ಡ್ಯೂಟಿ. ಸ್ಕೀಮ್, ಅಂದ್ರೆ ಯಾವ ಪಾಯಿಂಟಿಗೆ ಎಷ್ಟು ಮಾರ್ಕ್ಸ್ ಅನ್ನೋ ಪಟ್ಟಿ, ಕೈಲಿದ್ಮೇಲೆ ಯಾರು ತಿದ್ದಿದ್ರೂ ಒಂದೇ ಅಂತ ಹೊರಗಿನೋರು ಅಂದ್ಕೊಂಡಿರ್ತಾರೆ. ಎರಡು ಮಾರ್ಕ್ಸಿನ ಪ್ರಶ್ನೆಗೆ ಅದು ನಿಜ, ಆದ್ರೆ ಹತ್ತು ಮಾರ್ಕ್ಸಿನ ಉತ್ತರಕ್ಕೆ ಆರು ಕೊಡೋದೋ ಎಂಟು ಕೊಡೋದೋ ಅನ್ನೋದು ಸ್ಕೀಮಲ್ಲಿ ಇರಲ್ಲ, ಅದನ್ನ ನಮ್ಮ ಮನಸ್ಸೇ ತೀರ್ಮಾನ ಮಾಡೋದು, ಅದೂ ಒಂದೆರಡು ನಿಮಿಷದೊಳಗೆ.

ಮೊದಲ ಪುಟದಲ್ಲಿ ಅಕ್ಷರ ದುಂಡಗಿದ್ದು ಡಯಾಗ್ರಾಮ್ ನೀಟಾಗಿದ್ರೆ 'ಇದು ಓದಿರೋ ಮಗು' ಅಂತ ಒಳಗೆ ಮುದ್ರೆ ಬಿದ್ದುಬಿಡತ್ತೆ, ಆಮೇಲೆ ಆರನೇ ಉತ್ತರದಲ್ಲಿ ಒಂದು ಪಾಯಿಂಟ್ ಬಿಟ್ಟಿದ್ರೂ ಗೊತ್ತಿದ್ದೇ ಬಿಟ್ಟಿರ್ಬೇಕು ಅನ್ಸತ್ತೆ, ಶುರುವಲ್ಲೇ ಎಡವಿದ ಮಗು ಅದೇ ತಪ್ಪು ಮಾಡಿದ್ರೆ ಗೊತ್ತಿಲ್ಲ ಅನ್ಸತ್ತೆ. ಇದಕ್ಕೆ ಹೇಲೋ ಎಫೆಕ್ಟ್ ಅಂತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದರ ಬಗ್ಗೆ ಬರೆದಿದ್ರು, ಸೈನ್ಯದ ಆಫೀಸರ್‌ಗಳು ಕೈಕೆಳಗಿನೋರ ಬುದ್ಧಿ, ಮೈಕಟ್ಟು, ನಾಯಕತ್ವ ಎಲ್ಲಕ್ಕೂ ಬೇರೆ ಬೇರೆ ರೇಟಿಂಗ್ ಕೊಡ್ಬೇಕಿತ್ತು, ಆದ್ರೆ ಒಂದರಲ್ಲಿ ಜಾಸ್ತಿ ಬಂದೋನಿಗೆ ಮಿಕ್ಕಿದ್ದರಲ್ಲೂ ಜಾಸ್ತಿನೇ ಬರ್ತಿತ್ತು.

2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಗೊಂಡ ಡೇನಿಯಲ್ ಕಾನಮನ್ ಕೂಡ ಮೇಷ್ಟ್ರಾಗಿದ್ದಾಗ ಪೇಪರ್ ತಿದ್ದೋ ರೀತಿನೇ ಬದಲಾಯಿಸ್ಕೊಂಡ್ರು. ಎಲ್ಲರ ಮೊದಲನೇ ಉತ್ತರ ಮುಗಿಸಿ ಆಮೇಲೆ ಎಲ್ಲರ ಎರಡನೇದು, ಮಾರ್ಕ್ಸ್ ಬರೆಯೋದು ಹಿಂಬದಿ ರಟ್ಟಿನ ಒಳಗಡೆ, ತಿದ್ದುವಾಗ ಕಣ್ಣಿಗೆ ಬೀಳದ ಹಾಗೆ. ಹಂಗೆ ಮಾಡಿದ್ಮೇಲೆ ಒಂದೇ ವಿದ್ಯಾರ್ಥಿಯ ಎರಡು ಉತ್ತರಕ್ಕೆ ಮಾರ್ಕ್ಸ್ ದೂರ ದೂರ ಬರೋಕೆ ಶುರುವಾಗಿ ಅವರಿಗೇ ಕಸಿವಿಸಿ ಆಯ್ತಂತೆ. ಆ ಕಸಿವಿಸಿನೇ ಒಳ್ಳೇದು ಅಂತ ನಾನು ಹೇಳ್ತೀನಿ, ಯಾಕಂದ್ರೆ ನಿಜವಾಗ್ಲೂ ಓದೋ ಮಕ್ಕಳಿಗೆ ಒಂದು ಯೂನಿಟ್ ಬಂದು ಇನ್ನೊಂದು ಬರದೇ ಇರೋದೇ ಸಹಜ.

ಇಂಟರ್ನಲ್ಸ್, ಅಂದ್ರೆ ಕಾಲೇಜಲ್ಲೇ ನಡೆಸೋ ಟೆಸ್ಟ್, ತಿದ್ದುವಾಗ ನಾನೂ ಪ್ರಶ್ನೆ ಪ್ರಕಾರನೇ ಹೋಗ್ತೀನಿ, ಒಂದು ಪ್ರಶ್ನೆ ಮುಗಿದ ತಕ್ಷಣ ಬಂಡಲ್ ಕಲಸಿಬಿಡ್ತೀನಿ, ಇಲ್ಲಾಂದ್ರೆ ನಾಲ್ಕೈದು ಖಾಲಿ ಖಾಲಿ ಪೇಪರ್ ಆದ್ಮೇಲೆ ಬರೋ ಸಾಧಾರಣ ಉತ್ತರಕ್ಕೆ ಪ್ರತಿ ಸಲ ಅದೃಷ್ಟ ಹೊಡೀತಾ ಇರತ್ತೆ. ಟೈಮ್ ಜಾಸ್ತಿ ಹಿಡಿಯತ್ತೆ ಅಂತ ಸ್ಟಾಫ್ ರೂಮಲ್ಲಿ ಹೇಳ್ತಾರೆ, ಪುಟ ಹುಡುಕೋಕೆ ಹಿಡಿಯತ್ತೆ ನಿಜ, ಆದ್ರೆ ಒಂದೇ ಪ್ರಶ್ನೆ ಸಾಲಾಗಿ ನೋಡೋದ್ರಿಂದ ಸ್ಕೀಮ್ ಕಡೆ ಮತ್ತೆ ಮತ್ತೆ ಕಣ್ಣು ಹಾಯಿಸೋದು ತಪ್ಪತ್ತೆ.

ಎರಡನೇ ವ್ಯಾಲ್ಯುಯೇಷನ್ ಇದ್ದಾಗ ಮೊದಲನೆಯೋರು ಕೊಟ್ಟ ನಂಬರ್ ಕಣ್ಣಿಗೆ ಬೀಳಲೇಬಾರದು. ಕಾನಮನ್ ಮತ್ತೆ ಅವರ ಜೊತೆ ಸಂಶೋಧನೆ ಮಾಡ್ತಿದ್ದ ಏಮೋಸ್ ಟ್ವೆರ್ಸ್ಕಿ 1974ರ ಲೇಖನದಲ್ಲಿ ಒಂದು ಪ್ರಯೋಗ ಹೇಳಿದ್ದಾರೆ, ಚಕ್ರ ತಿರುಗಿಸಿದ್ರೆ 10 ಇಲ್ಲಾ 65 ಬರೋ ಥರ ಮೊದಲೇ ಮಾಡಿಟ್ಟಿದ್ರು, ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳಿದ್ರು, 10 ನೋಡಿದೋರ ಅಂದಾಜು 25ರ ಹತ್ರ, 65 ನೋಡಿದೋರದ್ದು 45ರ ಹತ್ರ. ಸಂಬಂಧನೇ ಇಲ್ಲದ ಚಕ್ರದ ನಂಬರೇ ಇಷ್ಟು ಎಳೆಯೋದಾದ್ರೆ, ಅದೇ ಪೇಪರಿಗೆ ನಮ್ಮ ಜೊತೆಯ ಮೇಷ್ಟ್ರೊಬ್ಬರು ಹಾಕಿರೋ ನಂಬರ್ ಎಷ್ಟು ಎಳೀಬಹುದು ಯೋಚ್ನೆ ಮಾಡಿ. ಆ ಅಂಕಿ ಮುಚ್ಚಿಡೋದು ಬರೀ ಫಾರ್ಮಾಲಿಟಿ ಅಲ್ಲ.

ಹೊಸದಾಗಿ ಸೇರಿರೋ ಗೆಸ್ಟ್ ಲೆಕ್ಚರರ್‌ಗಳಿಗೆ ಒಂದು ಮಾತು, ಯೂನಿವರ್ಸಿಟಿ ಪೇಪರಿಗೆ ಕೋಡಿಂಗ್ ಇರತ್ತೆ, ಅಂದ್ರೆ ಯಾರ ಪೇಪರ್ ಅಂತ ಗೊತ್ತಾಗದ ಹಾಗೆ ಬರೀ ಕೋಡ್ ನಂಬರ್, ಇಂಟರ್ನಲ್ಸಿಗೆ ಇರಲ್ಲ, ಅಲ್ಲಿ ಹೆಸರು ನೋಡಿದ ತಕ್ಷಣ ಮುಂದಿನ ಬೆಂಚಿನ ಮುಖ ಕಣ್ಮುಂದೆ ಬರತ್ತೆ, ಅದಕ್ಕೆ ಹೆಸರು, ರಿಜಿಸ್ಟರ್ ನಂಬರ್ ಎರಡನ್ನೂ ಕೊನೇ ಪುಟದ ಹಿಂದೆ ಬರೀರಿ ಅಂತ ಟೆಸ್ಟ್ ಶುರುವಾಗೋ ಮುಂಚೆನೇ ಮಕ್ಕಳಿಗೆ ಹೇಳಿಬಿಡಿ.