‘ಟರ್ಮಿನೇಶನ್ ಆಯ್ತು ಸರ್’ ಅಂದ್ರೆ ಯಾವುದು ಆಯ್ತು?

ಎಲೆಕ್ಟ್ರಿಕಲ್ ಪ್ಯಾನೆಲ್ ಚೆಕ್‌ಲಿಸ್ಟಿನಲ್ಲಿ ಟರ್ಮಿನೇಶನ್ ಅಂತ ಒಂದೇ ಸಾಲು, ಪಕ್ಕದಲ್ಲಿ ಒಂದೇ ಟಿಕ್. ಹ್ಯಾಂಡೋವರ್ ಹಿಂದಿನ ರಾತ್ರಿ ಇಡೀ ತಂಡವನ್ನು ಸತಾಯಿಸಿದ್ದು ಆ ಟಿಕ್ಕೇ.

ಎನರ್ಜಿ ಮೀಟರ್‌ಗಳ ರೀಡಿಂಗ್ ಒಯ್ಯುವ ಮಾಡ್‌ಬಸ್ ಡೇಟಾ ಲೈನಿನಲ್ಲಿ ಹತ್ತಿರದ ಪ್ಯಾನೆಲ್‌ಗಳೆಲ್ಲ ಸರಿಯಾಗಿ ರೀಡಿಂಗ್ ಕೊಡುತ್ತಿದ್ದವು. 500 ಮೀಟರ್ ಆಚೆ, ಕೊನೆಯ ಪ್ಯಾನೆಲ್‌ನ ನಾಲ್ಕು ಮೀಟರ್‌ಗಳು ಮಾತ್ರ ಒಮ್ಮೆ ಬರುತ್ತಿದ್ದವು, ಇನ್ನೊಮ್ಮೆ ಟೈಮ್‌ಔಟ್. ಸ್ಲೇವ್ ಐಡಿ (ಲೈನಿನಲ್ಲಿ ಮೀಟರಿನ ವಿಳಾಸ) ನೋಡಿದ್ದಾಯ್ತು, ಪ್ಯಾರಿಟಿ ಸೆಟ್ಟಿಂಗ್ ನೋಡಿದ್ದಾಯ್ತು, ಒಂದು ಮೀಟರನ್ನೇ ಬದಲಿಸಿದ್ದಾಯ್ತು. ಟರ್ಮಿನೇಶನ್ ಓಕೆ ಅಂತ ಟಿಕ್ ಇದ್ದದ್ದರಿಂದ ಅತ್ತ ಯಾರೂ ತಲೆ ಹಾಕಲಿಲ್ಲ.

ಕೇಬಲ್ ತಂಡದವರಿಗೆ ಟರ್ಮಿನೇಶನ್ ಅಂದ್ರೆ ವೈರಿನ ತುದಿ ಕಟ್ಟುವುದು. ಅವರ ಲೆಕ್ಕದಲ್ಲಿ ಅದು ಓಕೆಯೇ. ಫೆರೂಲ್ (ವೈರ್ ತುದಿಗೆ ತೊಡಿಸುವ ಲೋಹದ ಕೊಳವೆ) ಕ್ರಿಂಪ್ ಮಾಡಿ, ಸ್ಕ್ರೂ ಬಿಗಿದು, ಎಳೆದು ನೋಡಿದ್ದರು. ಪ್ಯಾನೆಲ್ ಮಾಡಿದವರು ಮಾತ್ರ ಅದೇ ಸಾಲನ್ನು ಸಿಗ್ನಲ್ ತುದಿಯಿಂದ ವಾಪಸ್ ಚಿಮ್ಮದಂತೆ ಹಾಕುವ ರೆಸಿಸ್ಟರ್ ಅಂತ ಓದಿ, ನಾಲ್ಕೂ ಮೀಟರ್‌ಗಳ 120 ಓಮ್ ರೆಸಿಸ್ಟರಿನ ಡಿಪ್ ಸ್ವಿಚ್ (ಪುಟ್ಟ ಸ್ವಿಚ್) ಆನ್ ಮಾಡಿಟ್ಟಿದ್ದರು. ಈ ಮಾಡ್‌ಬಸ್ ಓಡುವ ಆರ್‌ಎಸ್-485 ಲೈನಿಗೆ ಬೇಕಾದ್ದು ಲೈನಿನ ಎರಡು ತುದಿಗೆ ಒಂದೊಂದು, ಅಷ್ಟೇ. ಸಿಗ್ನಲ್ ಕಳಿಸುವ ಡ್ರೈವರ್‌ಗೆ ಎರಡು ರೆಸಿಸ್ಟರ್ ಜೊತೆ ಲೈನಿನ ಸಾಧನಗಳನ್ನೂ ಸೇರಿಸಿ ಲೆಕ್ಕ ಹಾಕಿರುವ ಲೋಡ್ 54 ಓಮ್. ಸಪ್ಲೈ ಆಫ್ ಮಾಡಿ ಆ ಪ್ಯಾನೆಲ್‌ನಲ್ಲಿ ಲೈನಿನ ಎ-ಬಿ ವೈರ್‌ಗಳ ನಡುವೆ ಅಳೆದರೆ ಬಂದದ್ದು 30ಕ್ಕಿಂತ ಕಡಿಮೆ, ಅಂದ್ರೆ ಡ್ರೈವರ್ ಮೇಲೆ ಹೊರೆ ಜಾಸ್ತಿ. ಮೂರು ಸ್ವಿಚ್ ಆಫ್ ಮಾಡಿದ ಮೇಲೆ 70ರ ಹತ್ತಿರ ನಿಂತಿತು, ಟೈಮ್‌ಔಟ್ ನಿಂತಿತು. ಎರಡು 120 ಪ್ಯಾರಲಲ್ ಆದರೆ ಲೆಕ್ಕಕ್ಕೆ 60 ಬರಬೇಕು. ಉದ್ದ ಕೇಬಲ್ಲಿನ ರೆಸಿಸ್ಟೆನ್ಸ್ ಸೇರಿ ಸ್ವಲ್ಪ ಏರುತ್ತದೆ. 120ರ ಆಸುಪಾಸು ತೋರಿಸಿದರೆ ಒಂದು ತುದಿಯಲ್ಲಿ ರೆಸಿಸ್ಟರ್ ಇಲ್ಲ ಅಂತ.

ಪ್ರೊಫಿಬಸ್ ಅನ್ನುವ ಇನ್ನೊಂದು ಬಗೆಯ ಡೇಟಾ ಲೈನಿನಲ್ಲಿ ಇನ್ನೊಂದು ತೊಂದರೆ ಇದೆ. ಟರ್ಮಿನೇಶನ್ ಸ್ವಿಚ್ ಇರುವ ಕನೆಕ್ಟರಿನಲ್ಲಿ ಅದನ್ನು ಆನ್ ಮಾಡಿದರೆ ಮುಂದಕ್ಕೆ ಹೋಗುವ ಕೇಬಲ್ಲಿನ ಸಂಪರ್ಕ ಕಡಿದುಹೋಗುತ್ತದೆ. ನಡುವಿನ ಸ್ಟೇಶನ್‌ನಲ್ಲಿ ಆನ್ ಆಗಿದ್ದರೆ ಆಚೆಯವೆಲ್ಲ ಒಟ್ಟಿಗೆ ನಾಪತ್ತೆ.

11 ಕೆವಿ ಕೇಬಲ್ಲಿನ ಟರ್ಮಿನೇಶನ್ ಬೇರೆಯದೇ ಕೆಲಸ. ಇನ್ಸುಲೇಶನ್ ಮೇಲಿನ ಸೆಮಿಕಾನ್ (ಅರೆವಾಹಕ) ಪದರ ತೆಗೆಯುವಾಗ ಚಾಕು ಒಳಗಿನ ಇನ್ಸುಲೇಶನ್‌ಗೆ ಗೀರು ಹಾಕಬಾರದು. ವಿದ್ಯುತ್ ಒತ್ತಡವನ್ನು ಹಂಚುವ ಸ್ಟ್ರೆಸ್ ಕಂಟ್ರೋಲ್ ಟ್ಯೂಬ್ ಸೆಮಿಕಾನ್ ಅಂಚನ್ನು ಮುಚ್ಚಿಕೊಂಡೇ ಕೂರಬೇಕು. ತಪ್ಪಿದರೆ ಅಲ್ಲಿಂದಲೇ ಡಿಸ್ಚಾರ್ಜ್ ಶುರುವಾಗಿ ಒಂದು ದಿನ ಕೇಬಲ್ ತುದಿಗೆ ಹಾಕಿದ ಟರ್ಮಿನೇಶನ್ ಕಿಟ್ಟೇ ಸಿಡಿಯುತ್ತದೆ. ಇದಕ್ಕೂ ಅದೇ ಸಾಲು, ಅದೇ ಟಿಕ್!

ಫಾರ್ಮ್ಯಾಟ್ ಹೆಡ್ ಆಫೀಸಿನದು, ಮುಟ್ಟುವ ಹಾಗಿಲ್ಲ ಅನ್ನುತ್ತಾರೆ. ಸೈಟಿನಲ್ಲಿ ಓಡಾಡದವರು ಮಾಡಿದ ಫಾರ್ಮ್ಯಾಟ್ ಅದು. ಸದ್ಯಕ್ಕೆ ರಿಮಾರ್ಕ್ಸ್ ಕಾಲಂನಲ್ಲಿ ಕೈಯಲ್ಲೇ ಬರೆಯಿರಿ: ಲಗ್ ಮತ್ತು ಫೆರೂಲ್ ಎಳೆದು ನೋಡಿದೆ, ಎ-ಬಿ ನಡುವೆ ಇಷ್ಟು ಓಮ್, ಯಾವ ಯಾವ ಮೀಟರಿನ ಸ್ವಿಚ್ ಆನ್, ಎಚ್‌ಟಿ (11 ಕೆವಿಯ) ಕಿಟ್ ಹಾಕಿದ ಜಾಯಿಂಟರ್ ಸಹಿ.