ಬ್ಲೋವರ್ ಇನ್ನೂ ತಿರುಗ್ತಾ ಇರುವಾಗಲೇ ಕರೆಂಟು ಬಂದ್ರೆ

ನಾನು ಮಾಸ್ಕಿನ ಮೂಲಕ ಗಾಳಿ ಊದಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮೆಷಿನ್‌ಗಳ ಬ್ಲೋವರ್ (ಗಾಳಿ ಊದುವ ಫ್ಯಾನ್) ಮೋಟಾರನ್ನು ನಡೆಸುವ ಕೋಡು, ಅಂದ್ರೆ ಫರ್ಮ್‌ವೇರ್ ಬರೆಯುವವ. ಊರು ಕಾಸರಗೋಡಿನ ಬದಿಯಡ್ಕದ ಹತ್ರ, ಕೆಲಸ ಹೊರಗೆ. ಹೋದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ರಜೆ ಹಾಕಿ ಮನೆಗೆ ಬಂದಿದ್ದಾಗ ಆಫೀಸಿಂದ ಫೋನು, ಪೆರ್ಲ ಕಡೆ ಒಂದು ಮನೆಯಲ್ಲಿ ನಮ್ಮ ಮೆಷಿನ್ ರಾತ್ರಿ ಮೂರ್ನಾಲ್ಕು ಸಲ ನಿಂತು ಅಲಾರಂ ಹೊಡೀತದಂತೆ, ಎರಡು ಸಲ ಬೋರ್ಡ್ ಬದಲಿಸಿ ಆಯ್ತು, ಹೇಗೂ ನೀನು ಅಲ್ಲೇ ಇದ್ದೀಯಲ್ಲ ಒಮ್ಮೆ ಹೋಗಿ ನೋಡು ಅಂತ.

ತೋಟದ ಮಧ್ಯೆ ಮನೆ. ಆ ಮನೆಯ ಅಜ್ಜನಿಗೆ ಸಿಒಪಿಡಿ, ಅಂದ್ರೆ ಗುಣವಾಗದ ಶ್ವಾಸಕೋಶದ ಕಾಯಿಲೆ, ರಾತ್ರಿ ಇಡೀ ಮಾಸ್ಕ್ ಬೇಕು. ಉಸಿರು ಎಳೆಯುವಾಗ 14 ಸೆಂಟಿಮೀಟರ್ ನೀರಿನ ಒತ್ತಡ, ಬಿಡುವಾಗ 6. ಆ ಮನೆಯ ಅಮ್ಮ ಮೊದಲು ನೀವು ತಾವು ಅಂತ ಮಾತಾಡ್ತಿದ್ದವರು ನಾನು ನೀರ್ಚಾಲು ಶಾಲೆಯಲ್ಲಿ ಕಲಿತವ ಅಂತ ಗೊತ್ತಾದ ಮೇಲೆ ಮಾಣಿ (ಹುಡುಗ) ಅಂತ ಶುರು ಮಾಡಿದ್ರು. "ಕರೆಂಟು ಪೂರಾ ಹೋಗಿ ಬಂದ್ರೆ ಎಂತ ಆಗುದಿಲ್ಲ ಮಾಣಿ, ಅದು ತನ್ನಷ್ಟಕ್ಕೆ ಶುರು ಆಗ್ತದೆ. ಲೈಟು ಹೀಗೆ ಮಿಣ್ಕಿ ಬಂದ್ರೆ ಮಾತ್ರ ನಿಲ್ಲುದು" ಅಂತ ಅಂಗೈ ಮುಚ್ಚಿ ತೆರೆದು ತೋರಿಸಿದ್ರು. ಎರಡು ಸಲ ಬೋರ್ಡ್ ಬದಲಿಸಿದವರು ಯಾರೂ ಇವರತ್ರ ಕೇಳಿರಲಿಲ್ಲ.

ಕತ್ತಲಾಗುವವರೆಗೆ ಅಲ್ಲೇ ಕೂತೆ. ಗಾಳಿ ಮಳೆ ಬಂತು, ಲೈಟು ಒಮ್ಮೆ ಮಿಣ್ಕಿತು. ಬ್ಲೋವರಿನ ಸುಯ್ ಅನ್ನುವ ಸ್ವರ ಇಳೀತಾ ಇತ್ತು, ಪೂರ್ತಿ ಇಳಿಯುವ ಮೊದಲೇ ಒಳಗಿಂದ ಟಕ್, ಟಕ್, ಟಕ್, ಮೂರು ಸಲ, ಆಮೇಲೆ ಅಲಾರಂ. ಅಜ್ಜ ನಡುಗುವ ಕೈಯಲ್ಲಿ ಮಾಸ್ಕಿನ ಪಟ್ಟಿ ಎಳೆದು ತೆಗೆದ್ರು. ಗಾಳಿ ನಿಂತ ಮೇಲೆ ಮಾಸ್ಕ್ ಹಾಕಿಯೇ ಇದ್ರೆ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳ್ಕೊಳ್ಳಬೇಕಾಗ್ತದೆ, ಇಂಗಾಲದ ಡೈಆಕ್ಸೈಡ್ ಮೊದಲೇ ಹೆಚ್ಚಿರುವವರಿಗೆ ಅದು ಸಣ್ಣ ವಿಷಯ ಅಲ್ಲ. ಆ ಮೂರು ಟಕ್ ಕೇಳಿದ ಕೂಡಲೇ ನನಗೆ ಗೊತ್ತಾಯ್ತು, ಅದು ನಾನೇ ಬರೆದ ಕೋಡು.

ವಿಷಯ ಏನಂದ್ರೆ ನಮ್ಮ ಬ್ಲೋವರ್ ಮೋಟಾರಿಗೆ ತಿರುಗುವ ಭಾಗ ಎಲ್ಲುಂಟು ಅಂತ ಹೇಳುವ ಹಾಲ್ ಸೆನ್ಸರ್ ಇಲ್ಲ. ಬಿಸಿ, ಹ್ಯುಮಿಡಿಫೈಯರಿನ ತೇವ, ಸಣ್ಣ ಜಾಗ, ಹೆಚ್ಚಿನ ವಯರು, ಹಾಳಾಗಲಿಕ್ಕೆ ಒಂದು ವಸ್ತು ಕಮ್ಮಿ ಆದಷ್ಟು ಒಳ್ಳೆಯದು ಅಂತ ಅದನ್ನು ಬಿಟ್ಟದ್ದು. ಸೆನ್ಸರ್ ಇಲ್ಲದೆ ರೋಟರ್ (ಆಯಸ್ಕಾಂತ ಇರುವ ತಿರುಗುವ ಭಾಗ) ಎಲ್ಲುಂಟು ಅಂತ ತಿಳಿಯುವುದು ಅದು ತಿರುಗುವಾಗ ವೈಂಡಿಂಗಿನಲ್ಲಿ ತಾನಾಗಿ ಹುಟ್ಟುವ ವೋಲ್ಟೇಜಿನಿಂದ, ಅಂದ್ರೆ ಬ್ಯಾಕ್ ಇಎಂಎಫ್‌ನಿಂದ. ಮೂರು ವೈಂಡಿಂಗಿನಲ್ಲಿ ಎರಡಕ್ಕೆ ಕರೆಂಟು ಕೊಟ್ಟು ಮೂರನೇದನ್ನು ಸುಮ್ಮನೆ ಬಿಡ್ತೇವೆ, ತಿರುಗುವ ಆಯಸ್ಕಾಂತ ಅದರಲ್ಲಿ ಹುಟ್ಟಿಸುವ ವೋಲ್ಟೇಜು ಯಾವಾಗ ಮಧ್ಯದ ಗೆರೆ ದಾಟ್ತದೆ ಅಂತ ನೋಡಿ, ಅಲ್ಲಿಂದ 30 ಎಲೆಕ್ಟ್ರಿಕಲ್ ಡಿಗ್ರಿ (ಆ ವೋಲ್ಟೇಜಿನ ಒಂದು ಪೂರ್ತಿ ಏರಿಳಿತದ ಹನ್ನೆರಡರಲ್ಲಿ ಒಂದು ಪಾಲು) ಕಳೆದ ಮೇಲೆ ಮುಂದಿನ ಜೋಡಿಗೆ ಬದಲಾಯಿಸುವುದು. ಎರಡು ಜೊತೆ ಪೋಲಿನ (ಆಯಸ್ಕಾಂತದ ಧ್ರುವದ) ಮೋಟಾರು ನಿಮಿಷಕ್ಕೆ 30,000 ಸುತ್ತು ತಿರುಗಿದ್ರೆ ಸೆಕೆಂಡಿಗೆ 6,000 ಸಲ ಬದಲಾವಣೆ ಆಗಬೇಕು.

ಆದ್ರೆ ನಿಂತ ರೋಟರು ವೋಲ್ಟೇಜೇ ಹುಟ್ಟಿಸುವುದಿಲ್ಲ. ಹಾಗಾಗಿ ಸ್ಟಾರ್ಟಿಂಗ್ ಯಾವಾಗಲೂ ಕಣ್ಣು ಮುಚ್ಚಿಯೇ. ಮೊದಲು ಒಂದೇ ದಿಕ್ಕಿಗೆ ಕರೆಂಟು ಹಿಡಿದು ರೋಟರನ್ನು ಒಂದು ಕಡೆ ಕೂರಿಸುವುದು, ಅಲೈನ್‌ಮೆಂಟ್ ಅಂತೇವೆ, ಆಮೇಲೆ ನಿಧಾನ ಎಳ್ಕೊಂಡು ಹೋಗಿ ವೋಲ್ಟೇಜು ಕಾಣುವಷ್ಟು ಸ್ಪೀಡು ಬಂದ ಮೇಲೆ ಅದನ್ನು ನಂಬುವುದು.

ಈಗ ಆ ಮನೆಯಲ್ಲಿ ಎಂತ ಆಯ್ತು ನೋಡಿ. ಅರ್ಧ ಸೆಕೆಂಡು ಕರೆಂಟು ಹೋಯ್ತು (ಇನ್ವರ್ಟರ್ ಉಂಟು, ಬ್ಯಾಟರಿ ಸತ್ತು ಮೂಲೆ ಸೇರಿತ್ತು), 24 ವೋಲ್ಟಿನ ಅಡಾಪ್ಟರ್ ಖಾಲಿ ಆಗಿ ಪ್ರೊಸೆಸರ್ ರೀಸೆಟ್, ಮೊದಲು ಎಷ್ಟು ಸ್ಪೀಡಲ್ಲಿ ಇದ್ದೆ ಅಂತ ಅದಕ್ಕೆ ನೆನಪಿಲ್ಲ, ರೋಟರ್ ಮಾತ್ರ ಇನ್ನೂ ಜೋರಾಗಿ ತಿರುಗ್ತಾ ಉಂಟು. ನನ್ನ ಕೋಡು ಅದು ನಿಂತಿದೆ ಅಂತಲೇ ತಿಳ್ಕೊಂಡು ಅಲೈನ್‌ಮೆಂಟಿಗೆ ಹೋಗ್ತದೆ, ಕರೆಂಟು ಒಮ್ಮೆಲೇ ಮಿತಿ ಮೀರಿ ಹಾರ್ತದೆ, ರಕ್ಷಣೆಗೆ ಮೋಟಾರು ಆಫ್ ಆಗ್ತದೆ, ಓವರ್‌ಕರೆಂಟ್ ಟ್ರಿಪ್. 200 ಮಿಲಿಸೆಕೆಂಡ್ ಬಿಟ್ಟು ಪುನಃ, ಪುನಃ. ಮೂರು ಸಲ ಸೋತ್ರೆ ಮೋಟಾರು ಹಾಳಾಗಿದೆ ಅಂತ ಲಾಕ್. ಮೂರೂ ಪ್ರಯತ್ನ ಒಂದು ಸೆಕೆಂಡಿನೊಳಗೆ ಮುಗೀತದೆ, ರೋಟರು ನಿಲ್ಲಲಿಕ್ಕೆ ಅದರ ಎರಡು ಪಾಲು ಬೇಕು!

ಟೆಸ್ಟ್ ಮಾಡಿರಲಿಲ್ವಾ ಅಂದ್ರೆ, ಮಾಡಿದ್ದೆವು. ವೈದ್ಯಕೀಯ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-1-2 ಪ್ರಕಾರ ವೋಲ್ಟೇಜನ್ನು ಅರ್ಧ ಸೈಕಲ್ ಮತ್ತು ಒಂದು ಸೈಕಲ್ (20 ಮಿಲಿಸೆಕೆಂಡು) ಸೊನ್ನೆ ಮಾಡಬೇಕು, 25 ಸೈಕಲ್ 70 ಶೇಕಡಾಕ್ಕೆ ಇಳಿಸಬೇಕು, ಕೊನೆಗೆ 250 ಸೈಕಲ್, ಅಂದ್ರೆ 5 ಸೆಕೆಂಡು ಪೂರ್ತಿ ತೆಗೀಬೇಕು. ಎಲ್ಲದರಲ್ಲೂ ಪಾಸು. 20 ಮಿಲಿಸೆಕೆಂಡು ಅಡಾಪ್ಟರಿಗೆ ಗೊತ್ತೇ ಆಗುವುದಿಲ್ಲ, 230ರ 70 ಶೇಕಡಾ ಅಂದ್ರೆ 161 ವೋಲ್ಟು, ಅದರಲ್ಲಿ ಅದು ಆರಾಮಾಗಿ ನಡೀತದೆ, 5 ಸೆಕೆಂಡಲ್ಲಿ ರೋಟರು ನಿಂತು ತಣ್ಣಗಾಗಿರ್ತದೆ. 20 ಮಿಲಿಸೆಕೆಂಡು ಮತ್ತು 5 ಸೆಕೆಂಡಿನ ನಡುವೆ ಕರೆಂಟು ಪೂರ್ತಿ ಹೋಗುವ ಜಾಗ ನಾವು ಮುಟ್ಟಲೇ ಇಲ್ಲ, ನಮ್ಮ ಕಡೆ ತೆಂಗಿನ ಮಡಲು ಲೈನಿಗೆ ತಾಗಿ ಲೈಟು ಮಿಣುಕುವುದು ಸರೀ ಅದೇ ಜಾಗದಲ್ಲಿ.

ವಾಪಸ್ ಹೋಗಿ ಟೈಮರ್ ರಿಲೇ ಕಟ್ಟಿ 50 ಮಿಲಿಸೆಕೆಂಡಿನಿಂದ 5 ಸೆಕೆಂಡಿನವರೆಗೆ 50-50 ಹೆಚ್ಚಿಸ್ತಾ ನೂರು ಸಲ ಸಪ್ಲೈ ಕತ್ತರಿಸಿದೆ. ಸುಮಾರು 200 ಮಿಲಿಸೆಕೆಂಡಿನಿಂದ ಎರಡು ಸೆಕೆಂಡಿನ ಹತ್ರದವರೆಗೆ ಶೀಟಲ್ಲಿ ಉದ್ದಕ್ಕೆ ಫೇಲ್. ನೋಡಿ ಬೇಜಾರಾಯ್ತು, ಇದು ಮೊದಲ ದಿನವೇ ಮಾಡಬಹುದಾಗಿದ್ದ ಕೆಲಸ.

ಸರಿ ಮಾಡಿದ್ದು ಹೀಗೆ: ಶುರುವಿಗೆ ವೈಂಡಿಂಗಿಗೆ ಕರೆಂಟು ಬಿಡುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳಾದ ಆರೂ ಮಾಸ್ಫೆಟ್ ಆಫ್ ಇಟ್ಟು ಕೆಲವು ಮಿಲಿಸೆಕೆಂಡು ಮೂರು ವೈಂಡಿಂಗಿನ ವೋಲ್ಟೇಜು ಸುಮ್ಮನೆ ಓದುವುದು. ರೋಟರ್ ತಿರುಗ್ತಾ ಇದ್ರೆ ಸ್ಪೀಡು, ಸ್ಥಾನ, ದಿಕ್ಕು ಎಲ್ಲ ಅದರಲ್ಲೇ ಸಿಗ್ತದೆ, ಅಲ್ಲಿಂದಲೇ ಹಿಡ್ಕೊಂಡು ಮುಂದೆ ಹೋಗುವುದು. ನಂಬಲಾಗದಷ್ಟು ನಿಧಾನ ಇದ್ರೆ ಕೆಳಗಿನ ಮೂರು ಮಾಸ್ಫೆಟ್ ಆನ್ ಮಾಡಿ ವೈಂಡಿಂಗ್ ಶಾರ್ಟ್ ಮಾಡಿ ಬ್ರೇಕ್ ಹಾಕಿ, ಆಮೇಲೆ ಅಲೈನ್‌ಮೆಂಟ್. ಮರುಪ್ರಯತ್ನದ ಅಂತರವನ್ನೂ ಹೆಚ್ಚಿಸಿದೆ.

ವೆರಿಫಿಕೇಶನ್ ಎಲ್ಲ ಮುಗಿದು ರಿಲೀಸ್ ಆಗುವಾಗ ನವರಾತ್ರಿ ಕಳೆದಿತ್ತು. ಹೊಸ ಫರ್ಮ್‌ವೇರ್ ಹಾಕಲಿಕ್ಕೆ ಪೆರ್ಲಕ್ಕೆ ನಾನೇ ಹೋದೆ. ಹಗಲಲ್ಲಿ ಅಜ್ಜ ಮಾಸ್ಕ್ ಹಾಕಿ ಕೂತ್ರು, ಅಮ್ಮ ಮೈನ್ ಸ್ವಿಚ್ ಹತ್ರ. ತೆಗೆದು ಹಾಕಿದ್ರು, ಸ್ವರ ಇಳೀತು, ಟಕ್ ಇಲ್ಲ, ಇಳಿದಲ್ಲಿಂದಲೇ ಪುನಃ ಏರಿತು. ಅವರಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ, ಇನ್ನೊಮ್ಮೆ ಅಂತ ಹನ್ನೊಂದು ಸಲ ಮಾಡಿದ್ರು, ಕೊನೆಗೆ ಅಜ್ಜ ಮಾಸ್ಕ್ ತೆಗೆಯದೆಯೇ ಸಾಕು ಅಂತ ಕೈ ಅಲ್ಲಾಡಿಸಿದ್ರು.