ದುಡ್ಡಿನ ಊರಲ್ಲಿ ಸತ್ತ ಮಾಲ್

ಕ್ಯಾಲಿಫೋರ್ನಿಯಾದ ಕುಪರ್ಟಿನೊಗೆ ಊರಿಂದ ಯಾರೇ ಬರಲಿ, ಮೊದಲು ಆಪಲ್ ಕಂಪನಿಯ ಮುಖ್ಯ ಕಚೇರಿ ಆಪಲ್ ಪಾರ್ಕ್ ತೋರಿಸು ಅಂತಾರೆ. ಒಳಗೆ ಬಿಡುವುದಿಲ್ಲ. ಎದುರಿನ ವಿಸಿಟರ್ ಸೆಂಟರ್‌ನ ಮಹಡಿ ಹತ್ತಿ, ಮರಗಳ ಸಂದಿಯಲ್ಲಿ ಕಾಣುವ ದುಂಡು ಕಟ್ಟಡದ ಒಂದು ತುಣುಕು ನೋಡಿ, ಫೋಟೊ ತೆಗೆದುಕೊಂಡು ಬರಬೇಕು ಅಷ್ಟೆ. ಅಲ್ಲಿಂದ ವುಲ್ಫ್ ರಸ್ತೆ ಹಿಡಿದು 280 ಹೆದ್ದಾರಿಯ ಸೇತುವೆ ದಾಟಿದರೆ ರಸ್ತೆಯ ಎರಡೂ ಕಡೆ ಸೇರಿ ಸುಮಾರು 50 ಎಕರೆ ಜಾಗ ಸಿಗುತ್ತದೆ. ವ್ಯಾಲ್ಕೊ ಮಾಲ್ ಇದ್ದದ್ದು ಅಲ್ಲೇ. ಅದನ್ನು ಯಾರೂ ತೋರಿಸು ಅನ್ನುವುದಿಲ್ಲ. ಆದರೆ ಈ ಊರು ನಿಜವಾಗಿ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕಾದರೆ ಆಪಲ್ ಕಟ್ಟಡಕ್ಕಿಂತ ಈ ಮಾಲಿನ ಕಥೆಯೇ ಒಳ್ಳೆಯದು ಅಂತ ನನಗನಿಸುತ್ತದೆ.

ಅಮೆರಿಕದ ಮಾಲ್‌ಗಳು ಮುಚ್ಚುತ್ತಿವೆ ಅನ್ನುವ ಸುದ್ದಿ ನೀವೂ ಓದಿರುತ್ತೀರಿ. ಫ್ಯಾಕ್ಟರಿ ಹೋಯಿತು, ಜನರ ಕೈಯಲ್ಲಿ ಕಾಸಿಲ್ಲ, ಇದ್ದವರು ಅಮೆಜಾನ್‌ನಲ್ಲಿ ತರಿಸುತ್ತಾರೆ, ಹಾಗಾಗಿ ಮಾಲ್ ಖಾಲಿ. ವ್ಯಾಲ್ಕೊ ಆ ಲೆಕ್ಕಕ್ಕೆ ಬರುವುದಿಲ್ಲ. ಸುತ್ತಮುತ್ತ ದೇಶದಲ್ಲೇ ಹೆಚ್ಚು ಸಂಬಳದ ಕೆಲಸಗಳು. ಒಂದು ಸಾಧಾರಣ ಮನೆಗೆ 20 ಲಕ್ಷ ಡಾಲರ್‌ಗಿಂತ ಜಾಸ್ತಿ. ಅಂಥ ಊರಿನ ನಡುಮಧ್ಯೆ ಈ ಮಾಲ್ ಸತ್ತಿತು.

ಮೊದಲು ಇಲ್ಲಿ ತೋಟಗಳಿದ್ದವು. ಸಾಂಟಾ ಕ್ಲಾರಾ ಕಣಿವೆಯ ತುಂಬಾ ಏಪ್ರಿಕಾಟ್, ಚೆರ್ರಿ, ಮತ್ತೆ ಒಣಗಿಸಿ ಮಾರುವ ಪ್ರೂನ್ ಹಣ್ಣು. ಮಾಲ್ ಜಾಗದ ಹತ್ತಿರ ಇವತ್ತಿಗೂ ಪ್ರೂನ್‌ರಿಡ್ಜ್ ಅಂತ ಒಂದು ರಸ್ತೆಯಿದೆ, ಪ್ರೂನ್ ಮರ ಮಾತ್ರ ಹುಡುಕಬೇಕು. ಕುಪರ್ಟಿನೊ ನಗರ ಅಂತ ಆಗಿದ್ದು 1955ರಲ್ಲಿ. 1960ರ ದಶಕದಲ್ಲಿ ಇಲ್ಲಿನ ಜಮೀನುದಾರರು ಒಂದು ಜಾಣತನದ ಕೆಲಸ ಮಾಡಿದರು. ಒಬ್ಬೊಬ್ಬರೇ ತುಂಡು ತುಂಡಾಗಿ ಮಾರಿಕೊಳ್ಳದೆ, ಜಮೀನು ಒಟ್ಟುಗೂಡಿಸಿ ಕೈಗಾರಿಕೆಗೆ ಬೇಕಾದ ದೊಡ್ಡ ಲೇಔಟ್ ಮಾಡಿದರು. ದೇವನಹಳ್ಳಿಯ ದ್ರಾಕ್ಷಿ, ಚಕ್ಕೋತದ ತೋಟದವರು ವಿಮಾನ ನಿಲ್ದಾಣ ಬರುವ ಮೊದಲೇ ಒಟ್ಟಾಗಿ ಕೂತು ತಾವೇ ಒಂದು ಕಂಪನಿ ಕಟ್ಟಿದ್ದರೆ ಹೇಗಿರುತ್ತಿತ್ತು, ಹಾಗೆ. ವೇರಿಯನ್ ಅಸೋಸಿಯೇಟ್ಸ್ ಕಂಪನಿ ಜೊತೆಗೆ ಲೆನರ್ಡ್, ಲೆಸ್ಟರ್, ಕ್ರಾಫ್ಟ್, ಒರ್ಲಾಂಡೊ ಮನೆತನಗಳು. ಈ ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿದರೆ ವ್ಯಾಲ್ಕೊ.

ಲೇಔಟ್‌ಗೆ ಕಂಪನಿಗಳು ಬಂದವು. ಎಚ್‌ಪಿ ಬಂತು, ಟಂಡೆಮ್ ಕಂಪ್ಯೂಟರ್ಸ್ ಬಂತು. ಕೆಲಸಗಾರರು ಬಂದ ಮೇಲೆ ಅಂಗಡಿ ಬೇಡವೇ? 1976ರಲ್ಲಿ ವ್ಯಾಲ್ಕೊ ಫ್ಯಾಶನ್ ಪಾರ್ಕ್ ತೆರೆಯಿತು. ಎರಡು ಅಂತಸ್ತು, ಪೂರಾ ಮುಚ್ಚಿದ ಕಟ್ಟಡ, ಒಳಗೆ ಎಸಿ. ವುಲ್ಫ್ ರಸ್ತೆಯ ಮೇಲೆ ಸೇತುವೆ ಹಾಕಿ ಆಚೆ ಈಚೆ ಎರಡೂ ಕಡೆ ಮಾಲ್ ಕಟ್ಟಿದ್ದರು. ಕೆಳಗೆ ಕಾರು ಓಡುತ್ತಿರುತ್ತಿತ್ತು, ಮೇಲೆ ಜನ ಚಪ್ಪಲಿ ಕೊಳ್ಳುತ್ತಿದ್ದರು. ಸಿಯರ್ಸ್, ಜೆಸಿ ಪೆನ್ನಿ, ಬುಲಕ್ಸ್ ಅನ್ನುವ ಮೂರು ದೊಡ್ಡ ಅಂಗಡಿಗಳು, ನಡುವೆ ಚಿಕ್ಕಪುಟ್ಟವು. ಜೊತೆಗೆ ಮಂಜುಗಡ್ಡೆಯ ಮೇಲೆ ಜಾರುವ ಸ್ಕೇಟಿಂಗ್ ರಿಂಕ್ ಬೇರೆ. ಈ ಊರಲ್ಲಿ ಹಿಮ ಬೀಳುವುದು ತೀರಾ ಅಪರೂಪ, ಹಾಗಾಗಿ ಮಕ್ಕಳಿಗೆ ಅದರ ಹುಚ್ಚು ಇನ್ನೂ ಜಾಸ್ತಿ.

ನಾವು ಪಕ್ಕದ ಸನಿವೇಲ್‌ಗೆ ಬರುವ ಹೊತ್ತಿಗೆ ಈ ವೈಭವ ಮುಗಿದಿತ್ತು. ಅಪ್ಪ, ಅಮ್ಮ ಹಾಸನದಿಂದ ಬಂದಾಗ ಮಳೆಗಾಲದಲ್ಲಿ ವಾಕಿಂಗ್‌ಗೆ ವ್ಯಾಲ್ಕೊಗೇ ಬಿಡುತ್ತಿದ್ದೆ. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ ತಾನೆ, ಹೊರಗೆ ನಡೆಯಲು ವಯಸ್ಸಾದವರಿಗೆ ಕಷ್ಟ. ಮಾಲಿನೊಳಗೆ ಬೆಚ್ಚಗಿತ್ತು, ನೆಲ ಸಮ, ಜನರಂತೂ ಇಲ್ಲವೇ ಇಲ್ಲ. ಸ್ವೆಟರ್, ಸ್ನೀಕರ್ಸ್ ಹಾಕಿಕೊಂಡ ನಮ್ಮ ಕಡೆಯ ಹಿರಿಯರು, ಚೀನಾದ ಅಜ್ಜ ಅಜ್ಜಿಯರು ಅಲ್ಲಿ ಸುತ್ತು ಹೊಡೆಯುತ್ತಿದ್ದರು. ಷಟರ್ ಎಳೆದ ಅಂಗಡಿಗಳ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ತೆರೆದಿರುತ್ತಿತ್ತು. ಅಪ್ಪ ಬ್ಯಾಂಕಿನಲ್ಲಿದ್ದವರು. ನಾಲ್ಕನೇ ಸುತ್ತಿಗೆ ಕೇಳಿದರು: "ಅಲ್ಲಮ್ಮಾ, ಇಷ್ಟು ದೊಡ್ಡ ಬಿಲ್ಡಿಂಗಿಗೆ ಕರೆಂಟ್ ಬಿಲ್ ಯಾರು ಕಟ್ತಾರೆ?"

ಆ ಪ್ರಶ್ನೆಯಲ್ಲೇ ಎಲ್ಲ ಇದೆ. ಮಾಲ್ ಅಂದರೆ ಒಬ್ಬನದೇ ಕಟ್ಟಡ ಅಂದುಕೊಳ್ಳುತ್ತೇವೆ. ವ್ಯಾಲ್ಕೊ ಹಾಗಿರಲಿಲ್ಲ. ದೊಡ್ಡ ಅಂಗಡಿಗಳು ತಮ್ಮ ಕಟ್ಟಡ, ತಮ್ಮ ಪಾರ್ಕಿಂಗ್ ಜಾಗ ಎರಡನ್ನೂ ತಾವೇ ಇಟ್ಟುಕೊಂಡಿದ್ದವು. ಮಾಲಿನ ಮಾಲೀಕನ ಕೈಯಲ್ಲಿ ಇದ್ದದ್ದು ನಡುವಿನ ಓಣಿ ಮತ್ತು ಅದರ ಚಿಕ್ಕ ಅಂಗಡಿಗಳು. ದೊಡ್ಡ ಅಂಗಡಿ ಜನರನ್ನು ಎಳೆದು ತರಬೇಕು, ಬಂದವರು ಓಣಿಯಲ್ಲಿ ನಡೆಯುವಾಗ ಚಿಕ್ಕ ಅಂಗಡಿಯಲ್ಲಿ ಕೊಳ್ಳಬೇಕು, ಆ ಚಿಕ್ಕ ಅಂಗಡಿಯವರು ಕಟ್ಟುವ ಬಾಡಿಗೆಯಲ್ಲಿ ದೀಪ ಉರಿಯಬೇಕು. ಎಲ್ಲ ಚೆನ್ನಾಗಿರುವಾಗ ಇದು ಒಳ್ಳೆಯ ಏರ್ಪಾಡು. ಮಾಲ್ ಹಳೆಯದಾಗಿ ಕೆಡವಿ ಹೊಸದು ಮಾಡೋಣ ಅಂತ ಬಂದಾಗ ಮಾತ್ರ ನಾಲ್ಕು ಜನ ಅಣ್ಣತಮ್ಮಂದಿರ ಸಹಿ ಬೇಕಾದ ಆಸ್ತಿಯ ಗತಿ.

ಅಷ್ಟರಲ್ಲಿ ಪೂರ್ವಕ್ಕೆ, ಸ್ಟೀವನ್ಸ್ ಕ್ರೀಕ್ ರಸ್ತೆಯಲ್ಲೇ ಕೆಲವೇ ಮೈಲಿ ದೂರದಲ್ಲಿ, ವ್ಯಾಲಿ ಫೇರ್ ಅನ್ನುವ ಹಳೆಯ ಶಾಪಿಂಗ್ ಸೆಂಟರ್ 1986ರಲ್ಲಿ ಪೂರಾ ಹೊಸ ಮಾಲ್ ಆಗಿ ಎದ್ದಿತು. ದುಬಾರಿ ಅಂಗಡಿಗಳು ಅಲ್ಲಿಗೆ ಹೋದವು. 2002ರಲ್ಲಿ ಅದರ ಎದುರಿಗೇ ಸಾಂಟಾನಾ ರೋ ಬಂತು: ಕೆಳಗೆ ಅಂಗಡಿ, ಹೋಟೆಲು, ಮೇಲೆ ಮನೆ, ನಡೆದಾಡಲು ಬೀದಿ. ಜನರಿಗೆ ಅದರ ರುಚಿ ಹತ್ತಿತು. ವ್ಯಾಲ್ಕೊದಲ್ಲಿ ಬುಲಕ್ಸ್ ಹೋಗಿ ಎಂಪೋರಿಯಂ ಆಯಿತು, ಎಂಪೋರಿಯಂ ಹೋಗಿ ಮೇಸೀಸ್ ಆಯಿತು. ಬೋರ್ಡು ಬದಲಾಗುತ್ತಿತ್ತೇ ಹೊರತು ಗಿರಾಕಿ ಬರಲಿಲ್ಲ.

2000ರ ದಶಕದ ಹೊಸ ಮಾಲೀಕರು ಕುಪರ್ಟಿನೊ ಸ್ಕ್ವೇರ್ ಅಂತ ಹೆಸರಿಟ್ಟು ದುಡ್ಡು ಸುರಿದರು. 2007ರಲ್ಲಿ 16 ಪರದೆಗಳ ಎಎಂಸಿ ಸಿನಿಮಾ ಬಂತು. ಸಿನಿಮಾಕ್ಕೆ ಜನ ಬಂದರು, ನೋಡಿದರು, ಅದೇ ಮೆಟ್ಟಿಲಲ್ಲಿ ಇಳಿದು ಕಾರು ಹತ್ತಿದರು. ಮರುವರ್ಷದ ಆರ್ಥಿಕ ಕುಸಿತಕ್ಕೆ ಮಾಲ್ ದಿವಾಳಿ. 2009ರಲ್ಲಿ ವಿಯೆಟ್ನಾಂನ ಒಂದು ಆಹಾರ ತಯಾರಿಕಾ ಕಂಪನಿ ಇದನ್ನು 6.4 ಕೋಟಿ ಡಾಲರ್‌ಗೆ ಕೊಂಡಿತು. ಸಿಲಿಕಾನ್ ವ್ಯಾಲಿಯ ನಟ್ಟನಡುವಿನ ಮಾಲನ್ನು ನಡೆಸಲು ಇಲ್ಲಿನವರು ಯಾರೂ ಮುಂದೆ ಬರಲಿಲ್ಲ ನೋಡಿ. ಹೆಸರು ಮತ್ತೆ ವ್ಯಾಲ್ಕೊ ಆಯಿತು.

ಕೊನೆಗೆ 2014ರಲ್ಲಿ ಸ್ಯಾಂಡ್ ಹಿಲ್ ಪ್ರಾಪರ್ಟಿ ಅನ್ನುವ ಡೆವಲಪರ್ ಕಂಪನಿ, ಮಾಲ್ ಒಂದು ಕಡೆಯಿಂದ, ದೊಡ್ಡ ಅಂಗಡಿಗಳ ಜಾಗ ಇನ್ನೊಂದು ಕಡೆಯಿಂದ ಅಂತ ಒಂದೊಂದೇ ತುಂಡನ್ನು ಕೊಂಡು ಒಟ್ಟು ಮಾಡಿತು. ಅರ್ಧ ಶತಮಾನದ ಹಿಂದೆ ತೋಟದವರು ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಯಿತು, ಈ ಸಲ 30 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು. 2015ರಲ್ಲಿ ವಾಸ್ತುಶಿಲ್ಪಿ ರಫಾಯೆಲ್ ವಿನ್ಯೋಲಿ ಮಾಡಿದ ನಕ್ಷೆ ಹೊರಬಂತು. ಕಚೇರಿ, ಅಂಗಡಿ, 800 ಮನೆ, ಎಲ್ಲದರ ಮೇಲೆ 30 ಎಕರೆಯ ಹಸಿರು ಚಾವಣಿ. ಚಾವಣಿ ಮೇಲೆ ತೋಟ, ಕಾಲುದಾರಿ. ಚಿತ್ರದಲ್ಲಂತೂ ಸೊಗಸಾಗಿತ್ತು.

ಊರು ಒಪ್ಪಲಿಲ್ಲ. 2016ರ ನವೆಂಬರ್‌ನಲ್ಲಿ ಎರಡು ಪ್ರಶ್ನೆ ಮತಪತ್ರದ ಮೇಲೆ ಬಂದವು. ಒಂದು, ಡೆವಲಪರ್ ಯೋಜನೆಗೆ ಒಪ್ಪಿಗೆ ಕೊಡಿ ಅನ್ನುವ ಮೆಷರ್ ಡಿ. ಇನ್ನೊಂದು, ಆ ಜಾಗ ಅಂಗಡಿಗೇ ಇರಲಿ ಅಂತ ನಾಗರಿಕರ ಗುಂಪು ತಂದ ಮೆಷರ್ ಸಿ. ಮನೆಮನೆಗೆ ಬಣ್ಣದ ಕರಪತ್ರಗಳು, ಹುಲ್ಲುಹಾಸಿನ ಮೇಲೆ ಬೋರ್ಡುಗಳು, ದೇವಸ್ಥಾನದಿಂದ ಹೊರಗೆ ಬಂದರೂ ಅದೇ ಮಾತು. ಎಣಿಕೆ ಮುಗಿದಾಗ ಎರಡೂ ಸೋತಿದ್ದವು! ಮಾಲ್ ಬೇಡ, ಮಾಲ್ ಬಿಟ್ಟು ಬೇರೆಯದೂ ಬೇಡ. ಅಷ್ಟರಲ್ಲಿ ಸಿಯರ್ಸ್, ಮೇಸೀಸ್, ಪೆನ್ನಿ ಮೂರೂ ಬಾಗಿಲು ಹಾಕಿಕೊಂಡಿದ್ದವು.

ಯಾಕೆ ಹೀಗೆ? ಒಂದು ಕಾರಣ ತೆರಿಗೆಯದು. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜನರೇ ಮತ ಹಾಕಿ ತಂದ ಪ್ರಾಪೊಸಿಷನ್ 13 ಅನ್ನುವ ನಿಯಮವಿದೆ. ಆಸ್ತಿ ತೆರಿಗೆ ಕೊಂಡ ಬೆಲೆಯ ಮೇಲೆ ಹೆಚ್ಚುಕಮ್ಮಿ ಶೇ 1. ತೆರಿಗೆಗೆ ಹಿಡಿಯುವ ಆ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಏರುವಂತಿಲ್ಲ. ಮನೆ ಕೊಂಡವರಿಗೆ ಇದು ವರ. ನಗರಸಭೆಗೆ ಮಾತ್ರ ಮನೆ ಅಂದರೆ ಖರ್ಚಿನ ಬಾಬ್ತು, ಅಂಗಡಿ ಅಂದರೆ ಆದಾಯ, ಯಾಕೆಂದರೆ ಮಾರಿದ ವಸ್ತುವಿನ ಬೆಲೆಯ ಶೇ 1ರಷ್ಟು ಮಾರಾಟ ತೆರಿಗೆಯಾಗಿ ಅದಕ್ಕೆ ಬರುತ್ತದೆ. ಹಾಗಾಗಿ ಇಲ್ಲಿನ ಊರುಗಳು ಕಚೇರಿ, ಅಂಗಡಿಗಳನ್ನು ಕೈ ಬೀಸಿ ಕರೆಯುತ್ತವೆ, ಮನೆ ಅಂದರೆ ಪಕ್ಕದೂರಿಗೆ ಬೆರಳು ತೋರಿಸುತ್ತವೆ.

ಇನ್ನೊಂದು ಕಾರಣ ಶಾಲೆ. ಇದನ್ನು ಸ್ವಲ್ಪ ಬಿಚ್ಚಿಯೇ ಹೇಳುತ್ತೇನೆ. ಕುಪರ್ಟಿನೊದಲ್ಲಿ ಸುಮಾರು ಮೂರನೇ ಎರಡು ಭಾಗ ಏಷ್ಯಾ ಮೂಲದವರು, ಅದರಲ್ಲಿ ನಮ್ಮವರೂ ಧಾರಾಳವಾಗಿದ್ದಾರೆ. ನಾವೆಲ್ಲ ಇಲ್ಲಿ ತಲೆ ಮೇಲೆ ಸಾಲ ಹೊತ್ತು ಮನೆ ಕೊಳ್ಳುವುದೇ ಶಾಲೆಗಾಗಿ. ಹೊಸ ಅಪಾರ್ಟ್‌ಮೆಂಟ್ ಬಂದರೆ ಶಾಲೆ ತುಂಬಿಹೋಗುತ್ತದೆ, ರಸ್ತೆ ಕಟ್ಟಿಹೋಗುತ್ತದೆ ಅಂತ ಗಲಾಟೆ ಮಾಡಿದವರಲ್ಲಿ ನಿನ್ನೆ ಮೊನ್ನೆ ಅಪಾರ್ಟ್‌ಮೆಂಟಿನಿಂದ ಸ್ವಂತ ಮನೆಗೆ ಹೋದವರೂ ಇದ್ದರು. ರೈಲಿನ ಜನರಲ್ ಬೋಗಿಗೆ ಹತ್ತಿದ ಕೂಡಲೇ ಬಾಗಿಲು ಹಾಕುವ ಬುದ್ಧಿ ಸಮುದ್ರ ದಾಟಿದರೂ ಹೋಗುವುದಿಲ್ಲ ಅಂತ ಕಾಣುತ್ತದೆ.

ಕೊನೆಗೆ ಗಂಟು ಬಿಡಿಸಿದ್ದು ರಾಜ್ಯ ಸರ್ಕಾರ. ಸೆನೆಟರ್ ಸ್ಕಾಟ್ ವೀನರ್ ತಂದ ಎಸ್‌ಬಿ 35 ಅನ್ನುವ ಕಾಯ್ದೆ 2017ರಲ್ಲಿ ಬಂತು. ರಾಜ್ಯ ಹೇಳಿದಷ್ಟು ಮನೆ ಕಟ್ಟಲು ಬಿಡದ ಊರಿನಲ್ಲಿ, ನಿಯಮಕ್ಕೆ ಸರಿಹೊಂದುವ ಯೋಜನೆ ಬಂದರೆ ನಗರಸಭೆ ಚರ್ಚೆ, ವಿಚಾರಣೆ ಅಂತ ಎಳೆಯುವಂತಿಲ್ಲ, ಒಪ್ಪಲೇಬೇಕು. 2018ರ ಮಾರ್ಚ್‌ನಲ್ಲಿ ಸ್ಯಾಂಡ್ ಹಿಲ್ ಇದೇ ಕಾಯ್ದೆಯಡಿ ಅರ್ಜಿ ಹಾಕಿತು. ಈ ಸಲ 2,402 ಮನೆ, ಅದರಲ್ಲಿ ಅರ್ಧ ಕಡಿಮೆ ಆದಾಯದವರಿಗೆ. 800 ಮನೆ ಜಾಸ್ತಿಯಾಯಿತು ಅಂದ ಊರಿಗೆ ಮೂರು ಪಟ್ಟು ಬಂತು. ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ, ಅಕ್ಟೋಬರ್‌ನಲ್ಲಿ ಕೆಡವುವ ಕೆಲಸ ಶುರು. ವಿರೋಧಿಗಳು ಕೋರ್ಟಿಗೆ ಹೋದರು, 2020ರಲ್ಲಿ ಸೋತರು.

ಗೆದ್ದ ಮೇಲೂ ಕಟ್ಟಡ ಏಳಲಿಲ್ಲ. ಹಿಂದೆ ಕಾರು ರಿಪೇರಿ ಸೆಂಟರ್ ಇದ್ದ ಕಡೆ ಮಣ್ಣು ಕೆಟ್ಟಿದೆ ಅಂತ ಪರೀಕ್ಷೆ, ಶುದ್ಧಿ ಅಂತ ಸಮಯ ಹೋಯಿತು. ಕೋವಿಡ್ ಬಂತು. ಮನೆಗಳ ಖರ್ಚು ತೂಗಬೇಕಾದದ್ದು ಕಚೇರಿಗಳ ಬಾಡಿಗೆ, ಆದರೆ ಜನ ಮನೆಯಿಂದಲೇ ಕೆಲಸ ಮಾಡಲು ಕಲಿತುಬಿಟ್ಟರು. ಯೋಜನೆಗೆ ದಿ ರೈಸ್ ಅಂತ ಹೊಸ ಹೆಸರು ಬಂತು. 2024ರಲ್ಲಿ ಮತ್ತೊಮ್ಮೆ ತಿದ್ದಿದ ನಕ್ಷೆಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಮನೆಗಳು 2,600ಕ್ಕೂ ಹೆಚ್ಚು. ಆ 30 ಎಕರೆ ಚಾವಣಿ ಮಾತ್ರ ಕಾಗದದಿಂದಲೂ ಮಾಯವಾಗಿದೆ.

ಶಾಲೆಯ ಮಾತು ಬಾಕಿ ಉಳಿಯಿತು. ಮಕ್ಕಳು ತುಂಬಿ ತುಳುಕುತ್ತಾರೆ ಅಂತ ಹೆದರಿದ್ದ ಊರಿನ ಶಾಲಾ ಮಂಡಳಿ 2021ರಲ್ಲಿ ರೆಗ್ನಾರ್ಟ್, ಮೆಯರ್‌ಹೋಲ್ಜ್ ಅನ್ನುವ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಕಾರಣ, ಮಕ್ಕಳು ಸಾಲದು. ಈ ಬೆಲೆಗೆ ಇಲ್ಲಿ ಮನೆ ಕೊಳ್ಳುವ ಶಕ್ತಿ ಬರುವಷ್ಟರಲ್ಲಿ ಹೆಚ್ಚಿನವರ ಮಕ್ಕಳು ಹೈಸ್ಕೂಲಿಗೆ ಬಂದಿರುತ್ತಾರೆ. ಚಿಕ್ಕ ಮಕ್ಕಳಿರುವ ನಮ್ಮ ಪರಿಚಯದ ಎಷ್ಟೋ ಮನೆಯವರು ಬೆಟ್ಟದಾಚೆ ಟ್ರೇಸಿ, ಮೌಂಟನ್ ಹೌಸ್ ಕಡೆ ಹೋಗಿ ನೆಲೆಸಿದ್ದಾರೆ. ಅಲ್ಲಿಂದ ಇಲ್ಲಿನ ಆಫೀಸಿಗೆ ಬರಲು ಬೆಳಗಿನ ಜಾವಕ್ಕೇ ಕಾರು ತೆಗೆಯಬೇಕು.